ನೀರಿಗೊಂದು ಹಬ್ಬ, ನಾಟಿಗೊಂದು ಹಬ್ಬ: ಬಾಲಿ ದ್ವೀಪದ ಗದ್ದೆಗಳ ಪಂಚಾಂಗ



ಕಾಲುವೆಯೊಂದರ ತಲೆಭಾಗದಲ್ಲಿಯೇ ನಿಮ್ಮ ಗದ್ದೆಯಿದೆ ಎಂದು ಇಟ್ಟುಕೊಳ್ಳಿ. ನೀರು ಮೊದಲು ನಿಮಗೆ, ನಿಮ್ಮಲ್ಲಿ ತುಂಬಿ ಹರಿದದ್ದು ಕೆಳಗಿನವರಿಗೆ. ನಿಮಗೆ ಅನುಕೂಲವಾದಾಗ ಸಸಿಮಡಿ ಹಾಕಬಹುದು, ಅನುಕೂಲವಾದಾಗ ನಾಟಿ ಮಾಡಬಹುದು. ಕೊನೆಯ ಭಾಗದ ರೈತ ಎಷ್ಟು ಕೂಗಿಕೊಂಡರೂ ನಿಮ್ಮ ಬೆಳೆಗೆ ಏನೂ ಆಗುವುದಿಲ್ಲ. ಹೀಗಿರುವಾಗ, ಮೇಲಿನವನು ಕೆಳಗಿನವನ ಮಾತಿಗೆ ಬೆಲೆ ಕೊಟ್ಟು, ಇಬ್ಬರೂ ಕೂಡಿ ಗೊತ್ತುಮಾಡಿದ ವಾರದಲ್ಲಿಯೇ ನೀರು ಪಡೆದು, ಅದೇ ವಾರದಲ್ಲಿಯೇ ನಾಟಿ ಮುಗಿಸಿ, ಕೊಯ್ಲಾದ ಮೇಲೆ ಇಬ್ಬರೂ ಒಟ್ಟಿಗೇ ಗದ್ದೆಯನ್ನು ಬೀಳು ಬಿಡುವ ನಾಡೊಂದಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ನಾಡು ಇಂಡೋನೇಷ್ಯಾ ದೇಶಕ್ಕೆ ಸೇರಿದ ಬಾಲಿ ದ್ವೀಪ. ಅಲ್ಲಿ ಈ ಕಟ್ಟುಪಾಡನ್ನು ನಡೆಸಿಕೊಂಡು ಬಂದಿರುವುದು ನೀರಾವರಿ ಇಲಾಖೆಯಲ್ಲ, ಪೊಲೀಸರೂ ಅಲ್ಲ. ಹಬ್ಬಗಳು ಮತ್ತು ದೇವಸ್ಥಾನಗಳು.

ಹಬ್ಬ ಹರಿದಿನಗಳೆಂದರೆ ದುಡ್ಡು ಮತ್ತು ದಿನ ಎರಡೂ ದಂಡ ಎನ್ನುವವರು ನಮ್ಮಲ್ಲಿಯೂ ಇದ್ದಾರೆ, ಬಾಲಿಯಲ್ಲಿಯೂ ಇದ್ದರು. 1970ರ ದಶಕದಲ್ಲಿ ಅಲ್ಲಿ ಹಾಗೆ ಹೇಳಿದವರ ಮಾತೇ ನಡೆಯಿತು. ಮುಂದೆ ಏನಾಯಿತು ಎಂಬುದು ಭತ್ತ ಬೆಳೆಯುವ ಪ್ರತಿಯೊಬ್ಬ ರೈತನೂ ತಿಳಿದಿರಬೇಕಾದ ಸಂಗತಿ.

ಬೆಂಕಿಬೆಟ್ಟದ ಮೇಲಿನ ಕೆರೆ

ಬಾಲಿ ಸಣ್ಣ ದ್ವೀಪ. ಅದರ ವಿಸ್ತೀರ್ಣ ಸುಮಾರು 5,700 ಚದರ ಕಿಲೋಮೀಟರು. ನಡುವೆ ಜ್ವಾಲಾಮುಖಿ ಬೆಟ್ಟಗಳ ಸಾಲು. ಬೆಟ್ಟದಿಂದ ಸಮುದ್ರದ ಕಡೆಗೆ ಇಳಿಯುವ ನದಿಗಳು ಆಳವಾದ ಕಮರಿಗಳಲ್ಲಿ ಹರಿಯುತ್ತವೆ. ಗದ್ದೆ ಮೇಲೆ, ನೀರು ಕೆಳಗೆ. ಆದ್ದರಿಂದ ಬಾಲಿಯ ರೈತರು ಎತ್ತರದಲ್ಲಿ ನದಿಗೆ ಸಣ್ಣ ಒಡ್ಡು ಹಾಕಿ, ಅಲ್ಲಿಂದ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು, ಹಲವು ಕಿಲೋಮೀಟರು ದೂರದ ಮೆಟ್ಟಿಲು ಗದ್ದೆಗಳಿಗೆ ನೀರು ತಂದರು. ಸುರಂಗ ಕೊರೆಯುವ ಕಸುಬಿನವರ ಪ್ರಸ್ತಾಪ 9ನೆಯ ಶತಮಾನದ ಶಾಸನಗಳಲ್ಲಿಯೇ ಬರುತ್ತದೆ. ಒಂದೇ ಕಾಲುವೆಯಿಂದ ನೀರು ಪಡೆಯುವ ರೈತರ ಸಂಘಕ್ಕೆ ಅಲ್ಲಿ ‘ಸುಬಕ್’ ಎಂದು ಹೆಸರು. ಈ ಹೆಸರು 11ನೆಯ ಶತಮಾನದ ಶಾಸನಗಳಲ್ಲಿ ಸಿಗುತ್ತದೆ. ಇಂದು ದ್ವೀಪದಲ್ಲಿ ಸುಮಾರು 1,200 ಸುಬಕ್‌ಗಳಿವೆ. ಒಂದೊಂದರಲ್ಲಿ 50ರಿಂದ 400 ರೈತರು.

ಸುಬಕ್‌ನ ಮುಖ್ಯಸ್ಥನನ್ನು ‘ಪೆಕಾಸೆ’ ಎನ್ನುತ್ತಾರೆ. ನಮ್ಮ ಕೆರೆಗಳ ನೀರುಗಂಟಿಯ ಕೆಲಸ, ಗೌಡರ ಯಜಮಾನಿಕೆ ಎರಡೂ ಸ್ವಲ್ಪ ಸ್ವಲ್ಪ ಸೇರಿದ ಹುದ್ದೆ ಎನ್ನಬಹುದು. ಆದರೆ ಅವನನ್ನು ಆರಿಸುವವರು ರೈತರೇ. ಸಂಘದ ಕಟ್ಟಳೆಗಳು ಬರೆದಿಟ್ಟ ಕಟ್ಟಳೆಗಳು. ಕಾಲುವೆಯ ಹೂಳೆತ್ತುವ ದಿನ ಬಾರದವನಿಗೆ ದಂಡ, ರಾತ್ರಿ ಹೊತ್ತು ನೀರು ಕದ್ದವನಿಗೆ ಇನ್ನೂ ಹೆಚ್ಚು ದಂಡ.

ನೀರು ಹಂಚುವ ಉಪಾಯ ಬಹಳ ಸರಳ. ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಇಟ್ಟು, ಅದರಲ್ಲಿ ಒಂದೇ ಆಳದ ಕಚ್ಚುಗಳನ್ನು ಕಡಿಯುತ್ತಾರೆ. ಎರಡು ಪಾಲಿನವನಿಗೆ ಎರಡು ಪಾಲಿನಷ್ಟು ಅಗಲದ ಕಚ್ಚು, ಒಂದು ಪಾಲಿನವನಿಗೆ ಅದರ ಅರ್ಧ. ಕಾಲುವೆಯಲ್ಲಿ ನೀರು ಹೆಚ್ಚಿದರೆ ಎಲ್ಲರಿಗೂ ಹೆಚ್ಚು, ಕಡಿಮೆಯಾದರೆ ಎಲ್ಲರಿಗೂ ಅದೇ ಪ್ರಮಾಣದಲ್ಲಿ ಕಡಿಮೆ. ತಿರುಗಿಸಲು ಚಕ್ರವಿಲ್ಲ, ಬೀಗವಿಲ್ಲ. ದಾರಿಯಲ್ಲಿ ಹೋಗುವ ಮಗುವೂ ನೋಡಿ ಯಾರಿಗೆ ಎಷ್ಟು ಹೋಗುತ್ತಿದೆ ಎಂದು ಹೇಳಬಲ್ಲದು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಸುಬಕ್‌ನೊಳಗೆ ಹೀಗೆ ಹಂಚಿಕೊಳ್ಳುವುದು ಸುಲಭ. ಒಂದೇ ನದಿಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಇಂತಹ ಹತ್ತಾರು ಸುಬಕ್‌ಗಳಿರುವಾಗ ಯಾರು ಯಾವಾಗ ನಾಟಿ ಮಾಡಬೇಕು ಎನ್ನುವುದೇ ಕಷ್ಟದ ಪ್ರಶ್ನೆ. ಇಲ್ಲಿಗೆ ದೇವಸ್ಥಾನಗಳು ಬರುತ್ತವೆ.

ಒಡ್ಡಿಗೊಂದು ಗುಡಿ

ಬಾಲಿಯ ಬಹುಪಾಲು ಜನ ಹಿಂದೂಗಳು. ಅವರ ಹಿಂದೂ ಧರ್ಮ ನಮ್ಮದರಂತೆಯೇ ಇದೆ ಎಂದು ಭಾವಿಸಬೇಡಿ, ಬೇರೆ ಎಂದೂ ಹೇಳಲಾಗದು. ಭತ್ತದ ದೇವತೆಯನ್ನು ಅವರು ‘ದೇವಿ ಶ್ರೀ’ ಎನ್ನುತ್ತಾರೆ. ಹೆಸರು ಕೇಳಿದೊಡನೆ ನಮಗೆ ಗುರುತು ಸಿಗುತ್ತದೆ. ನೀರಿನ ದೇವತೆ ‘ದೇವಿ ದನು’, ಅಂದರೆ ಕೆರೆಯ ದೇವತೆ. ಬಾತುರ್ ಎಂಬ ಜ್ವಾಲಾಮುಖಿಯ ಕುಳಿಯಲ್ಲಿರುವ ದೊಡ್ಡ ಸರೋವರ ಅವಳ ನೆಲೆ. 1926ರಲ್ಲಿ ಈ ಬೆಟ್ಟ ಸಿಡಿದು ಬಾತುರ್ ಊರನ್ನೂ ಗುಡಿಯನ್ನೂ ಲಾವಾರಸದಲ್ಲಿ ಮುಚ್ಚಿಬಿಟ್ಟಿತು. ಜನ ಮೇಲಿನ ಅಂಚಿಗೆ ಬಂದು ಗುಡಿಯನ್ನು ಪುನಃ ಕಟ್ಟಿಕೊಂಡರು. ಸರೋವರದ ನೀರೇ ಒಳಗೊಳಗೆ ಬಸಿದು ಬುಗ್ಗೆಗಳಾಗಿ ತಮ್ಮ ನದಿಗಳನ್ನು ಸೇರುತ್ತದೆ ಎಂಬುದು ರೈತರ ನಂಬಿಕೆ. ಆದ್ದರಿಂದ ನೀರು ಬಳಸುವವರೆಲ್ಲರೂ ಈ ದೇವಿಯ ಒಕ್ಕಲುಗಳು. ಸುಬಕ್‌ಗಳು ಬೆಳೆಯ ಒಂದು ಭಾಗವನ್ನು ಅವಳ ಗುಡಿಗೆ ತಲುಪಿಸುತ್ತವೆ. ಹೊಸ ಒಡ್ಡು ಕಟ್ಟಬೇಕೆಂದಿದ್ದರೆ, ನೀರಿನ ವ್ಯಾಜ್ಯ ಬಗೆಹರಿಯದಿದ್ದರೆ ಇಲ್ಲಿನ ಪ್ರಧಾನ ಅರ್ಚಕರ ಬಳಿಗೆ ಹೋಗುತ್ತಾರೆ.

ಅಲ್ಲಿಂದ ಕೆಳಗೆ ಇಳಿಯುತ್ತ ಬಂದರೆ ನದಿಗೆ ಒಡ್ಡು ಹಾಕಿದಲ್ಲಿ ಒಂದು ಗುಡಿ, ಕಾಲುವೆ ಗದ್ದೆಬಯಲನ್ನು ಮುಟ್ಟುವಲ್ಲಿ ಒಂದು ಗುಡಿ, ಪ್ರತಿ ರೈತನ ಗದ್ದೆಗೆ ನೀರು ಬೀಳುವ ಮೂಲೆಯಲ್ಲಿ ಒಂದು ಪುಟ್ಟ ಕಟ್ಟೆ. ಹಲವು ಸುಬಕ್‌ಗಳಿಗೆ ಸೇರಿದ ದೊಡ್ಡ ಗುಡಿಗಳು ಬೇರೆ. ಈ ದೊಡ್ಡ ಗುಡಿಯ ಜಾತ್ರೆಗೆ ಮೇಲಿನ, ಕೆಳಗಿನ ಎಲ್ಲ ಪೆಕಾಸೆಗಳೂ ಬರಲೇಬೇಕು. ಪೂಜೆ ಮುಗಿದ ಮೇಲೆ ಕುಳಿತು ಮುಂದಿನ ಬೆಳೆಯ ಲೆಕ್ಕ ಹಾಕುತ್ತಾರೆ. ಯಾವ ಸುಬಕ್ ಮೊದಲು ನೀರು ತೆಗೆದುಕೊಳ್ಳಬೇಕು, ಯಾವುದು ಕೆಲವು ವಾರ ತಡೆಯಬೇಕು, ಎಲ್ಲರೂ ಯಾವಾಗ ಬೀಳು ಬಿಡಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ನಮ್ಮಲ್ಲಿ ನೀರಾವರಿ ಸಲಹಾ ಸಮಿತಿಯ ಸಭೆ ಇರುವ ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಸಭೆಗೆ ಬಂದವರೆಲ್ಲರೂ ಮಿಂದು, ತೀರ್ಥ ತೆಗೆದುಕೊಂಡು, ದೇವರೆದುರಿಗೆ ಕುಳಿತಿರುತ್ತಾರೆ. ಕೊಟ್ಟ ಮಾತಿಗೆ ತಪ್ಪಿದರೆ ತಪ್ಪಿದ್ದು ನೆರೆಯವನಿಗಷ್ಟೇ ಅಲ್ಲ.

ಪೈರಿನ ಜೊತೆ ನಡೆಯುವ ಹಬ್ಬಗಳು

ಬಾಲಿಯವರಿಗೆ ಎರಡು ಪಂಚಾಂಗ. ಒಂದು ನಮ್ಮದರಂತೆಯೇ ಚಂದ್ರನನ್ನು ನೋಡಿ ನಡೆಯುವ ಶಕ ವರ್ಷ. ನಮ್ಮ ಶಾಲಿವಾಹನ ಶಕೆಯ ಎಣಿಕೆಯೇ ಅದು. ಅವರ ಹೊಸ ವರ್ಷ ‘ನ್ಯೆಪಿ’ ಕೂಡ ಅಮಾವಾಸ್ಯೆಯ ಮರುದಿನ ಬರುತ್ತದೆ. 2023ರಲ್ಲಿ ನಮ್ಮ ಯುಗಾದಿ, ಅವರ ನ್ಯೆಪಿ ಎರಡೂ ಮಾರ್ಚ್ 22ರಂದೇ ಬಿದ್ದವು. ಕೆಲವು ವರ್ಷ ಒಂದು ತಿಂಗಳ ಅಂತರವಾಗುತ್ತದೆ. ಆದರೆ ಅವರದು ಬೇವು ಬೆಲ್ಲದ ಗದ್ದಲವಿಲ್ಲದ ಹಬ್ಬ. ಆ ಒಂದು ದಿನ ಬೆಂಕಿ ಹೊತ್ತಿಸುವಂತಿಲ್ಲ, ದುಡಿಯುವಂತಿಲ್ಲ, ಮನೆಬಿಟ್ಟು ಹೊರಡುವಂತಿಲ್ಲ, ವಿನೋದವೂ ಇಲ್ಲ. ವಿಮಾನ ನಿಲ್ದಾಣವನ್ನೂ ಮುಚ್ಚುತ್ತಾರೆ.

ಇನ್ನೊಂದು ಪಂಚಾಂಗ 210 ದಿನಗಳದು. ಏಳು ದಿನದ 30 ವಾರಗಳು. ಅದರೊಳಗೆ ಐದು ದಿನದ ವಾರ, ಮೂರು ದಿನದ ವಾರ, ಹೀಗೆ ಒಂದರಿಂದ ಹತ್ತು ದಿನಗಳವರೆಗಿನ ಬೇರೆ ಬೇರೆ ವಾರಗಳು ಏಕಕಾಲದಲ್ಲಿ ಓಡುತ್ತಿರುತ್ತವೆ. ಇದನ್ನು ಮರದ ಹಲಗೆಯ ಮೇಲೆ ಗೆರೆ, ಚುಕ್ಕೆಗಳಾಗಿ ಕೊರೆದಿಟ್ಟುಕೊಳ್ಳುತ್ತಾರೆ. ನಮಗೆ ತಲೆ ತಿರುಗುವಂತಿದ್ದರೂ ಪೆಕಾಸೆಗೆ ಇದು ಅನುಕೂಲ. ಒಂದು ಸುಬಕ್‌ಗೆ ಒಂದು ವಾರದ ಗುರುತು, ಇನ್ನೊಂದಕ್ಕೆ ಇನ್ನೊಂದರ ಗುರುತು ಹಾಕಿಕೊಟ್ಟರೆ ಸರದಿ ತಾನಾಗಿ ಬರುತ್ತದೆ. ಅಲ್ಲದೆ ಭತ್ತದ ಬೆಳೆಗೆ ಬೇಕಾದದ್ದು ದಿನಗಳ ಲೆಕ್ಕವೇ ಹೊರತು ಚಂದ್ರನ ಲೆಕ್ಕವಲ್ಲ.

ಈ ಪಂಚಾಂಗದ ದೊಡ್ಡ ಹಬ್ಬ ‘ಗಲುಂಗಾನ್’. ಪಿತೃಗಳು ಮನೆಗೆ ಬರುವ ಕಾಲವೆಂದು ಮನೆಯ ಮುಂದೆ ಬಾಗಿದ ಎತ್ತರದ ಬಿದಿರಿಗೆ ಎಳೆಯ ಗರಿ, ತೆನೆ, ಹಣ್ಣು ಕಟ್ಟಿ ನಿಲ್ಲಿಸುತ್ತಾರೆ. ಅದಕ್ಕೆ 25 ದಿನ ಮುಂಚೆ ಮರಗಳ ಹಬ್ಬ. ರೈತ ತೆಂಗು, ಹಣ್ಣಿನ ಮರಗಳ ಬಳಿಗೆ ಗಂಜಿಯ ಎಡೆ ತಂದು, ಕಾಂಡವನ್ನು ಮೆಲ್ಲಗೆ ತಟ್ಟಿ, ‘ಗಲುಂಗಾನ್‌ಗೆ ಇಷ್ಟೇ ದಿನ ಉಳಿದಿದೆ, ಚೆನ್ನಾಗಿ ಫಲ ಕೊಡು’ ಎಂದು ಕೇಳಿಕೊಳ್ಳುತ್ತಾನೆ. ದನಕರುಗಳಿಗೂ ಇದೇ ರೀತಿ ಒಂದು ದಿನವಿದೆ. ಅಂದು ಅವಕ್ಕೆ ಮೈ ತೊಳೆದು ಎಡೆ ಹಿಡಿಯುತ್ತಾರೆ.

ಗದ್ದೆಯ ಹಬ್ಬಗಳು ಮಾತ್ರ ಯಾವ ತಾರೀಖಿಗೂ ಕಟ್ಟುಬಿದ್ದವಲ್ಲ, ಪೈರಿನ ಬೆಳವಣಿಗೆಗೆ ಕಟ್ಟುಬಿದ್ದವು. ಮೊದಲು ನೀರನ್ನು ಎದುರುಗೊಳ್ಳುವ ಹಬ್ಬ. ಒಡ್ಡಿನ ಗುಡಿಯಲ್ಲಿ ಪೂಜೆಯಾಗದೆ ಕಾಲುವೆಗೆ ನೀರಿಲ್ಲ. ಮುಂದೆ ಮೊದಲ ಗುದ್ದಲಿಯ ಪೂಜೆ, ಸಸಿಮಡಿಯ ಪೂಜೆ, ನಾಟಿಯ ಪೂಜೆ. ಪೈರು ಹೊಡೆ ಕಟ್ಟುವಾಗ ‘ಬಿಯುಕುಕುಂಗ್’ ಎಂಬ ಹಬ್ಬ ಮಾಡುತ್ತಾರೆ. ಭತ್ತ ಈಗ ಬಸುರಿ ಎಂದು ಭಾವಿಸಿ ಅವಳಿಗೆ ಬೇಕಾದ ತಿನಿಸುಗಳನ್ನು ಬದುವಿನ ಮೇಲೆ ಇಡುತ್ತಾರೆ. ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೀಗಿ ಹುಣ್ಣಿಮೆಯಂದು ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಭೂಮಿತಾಯಿಯ ಬಯಕೆ ತೀರಿಸುವ ನಮ್ಮ ಭೂಮಿ ಹುಣ್ಣಿಮೆಯದೂ ಇದೇ ಭಾವನೆ.

ಕೊಯ್ಲಿಗೆ ಹಿಂದೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಅಲಗನ್ನು ಬಳಸಿ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ದೊಡ್ಡ ಕುಡುಗೋಲು ಕಂಡರೆ ದೇವಿ ಬೆದರುತ್ತಾಳಂತೆ. ಮೊದಲ ತೆನೆಗಳಿಂದ ದೇವಿ ಶ್ರೀಯ ಗೊಂಬೆ ಕಟ್ಟಿ ಮೆರವಣಿಗೆಯಲ್ಲಿ ಕಣಜಕ್ಕೆ ಒಯ್ಯುವುದು ಈಗಲೂ ಉಂಟು. ಇಲಿಗಳ ಕಾಟ ಮಿತಿಮೀರಿದರೆ ತಬಾನಾನ್ ಜಿಲ್ಲೆಯ ಕಡೆ ಊರಿನವರೆಲ್ಲ ಸೇರಿ ಇಲಿ ಹಿಡಿದು ಕೊಂದು, ಅವಕ್ಕೆ ಮನುಷ್ಯರಿಗೆ ಮಾಡುವಂತೆಯೇ ಶಾಸ್ತ್ರೋಕ್ತವಾಗಿ ದಹನ ಮಾಡುತ್ತಾರೆ. ನಗಬೇಡಿ. ಒಬ್ಬ ರೈತ ತನ್ನ ಗದ್ದೆಯ ಇಲಿ ಕೊಂದರೆ ಪಕ್ಕದ ಗದ್ದೆಯಿಂದ ಮತ್ತೆ ಬರುತ್ತವೆ, ಇಡೀ ಊರು ಒಂದೇ ಸಲ ಕೈಹಾಕಿದರೆ ಮಾತ್ರ ಇಲಿ ಹತೋಟಿ ಸಾಧ್ಯ ಎಂದು ನಮ್ಮ ವಿಸ್ತರಣಾ ಕಾರ್ಯಕರ್ತರೂ ಹೇಳುತ್ತಾರೆ. ಬಾಲಿಯಲ್ಲಿ ಊರನ್ನೆಲ್ಲ ಹೊರಡಿಸಲು ಆ ಶಾಸ್ತ್ರವಿದೆ.

ಕೊಯ್ಲು ಮುಗಿದ ಗದ್ದೆಗೆ ಬಾತುಕೋಳಿಗಳನ್ನು ಇಳಿಸುತ್ತಾರೆ. ಉದುರಿದ ಕಾಳು, ಹುಳು ಹುಪ್ಪಟೆ ಅವುಗಳ ಪಾಲು. ಆಮೇಲೆ ಗದ್ದೆಗೆ ನೀರು ತುಂಬಿ ಕೆಲವು ವಾರ ಸುಮ್ಮನೆ ಬಿಡುತ್ತಾರೆ. ಒಂದೆರಡು ಗದ್ದೆಯಲ್ಲ, ಕಣ್ಣಿಗೆ ಕಾಣುವಷ್ಟು ಬಯಲೆಲ್ಲ.

ದೇವಸ್ಥಾನವನ್ನು ಬದಿಗಿಟ್ಟ ಹತ್ತು ವರ್ಷ

1970ರ ದಶಕದ ಆರಂಭದಲ್ಲಿ ಬಾಲಿಗೆ ಹೊಸ ತಳಿಗಳು ಬಂದವು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ‘ಐಆರ್’ ತಳಿಗಳು. ನಮ್ಮ ರೈತರಿಗೂ ಆ ಹೆಸರು ಹೊಸದಲ್ಲ. ಬೇಗ ಕೊಯ್ಲಿಗೆ ಬರುವ, ಗೊಬ್ಬರಕ್ಕೆ ಒಗ್ಗುವ ಗಿಡ್ಡ ತಳಿಗಳು. ಬೀಜ, ಗೊಬ್ಬರ, ಕೀಟನಾಶಕ, ಸಾಲ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಸರ್ಕಾರ ಹೇಳಿದ್ದು ಒಂದೇ ಮಾತು: ನೀರು ಸಿಕ್ಕಾಗಲೆಲ್ಲ ನಾಟಿ ಮಾಡಿ, ಗದ್ದೆ ಖಾಲಿ ಬಿಡಬೇಡಿ, ಸರದಿ ಕಾಯಬೇಡಿ. 1977ರ ಹೊತ್ತಿಗೆ ದಕ್ಷಿಣ ಬಾಲಿಯ ಗದ್ದೆಗಳಲ್ಲಿ ಶೇಕಡ 70ರಷ್ಟು ಹೊಸ ತಳಿಗಳೇ ಇದ್ದವು. 1979ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ನೀರಾವರಿ ಯೋಜನೆಯೊಂದು ಆರಂಭವಾಯಿತು. ಒಡ್ಡುಗಳನ್ನು ಕಾಂಕ್ರೀಟಿನಲ್ಲಿ ಕಟ್ಟಿದರು. ಕಚ್ಚು ಕಡಿದ ದಿಮ್ಮಿಗಳ ಜಾಗದಲ್ಲಿ ಏರಿಸಿ ಇಳಿಸುವ ಕಬ್ಬಿಣದ ಗೇಟುಗಳು ಬಂದವು. ಗೇಟು ನೋಡಿದರೆ ಯಾರಿಗೆ ಎಷ್ಟು ನೀರು ಎಂದು ಮಗುವಿಗಿರಲಿ, ಪೆಕಾಸೆಗೂ ಗೊತ್ತಾಗುವಂತಿರಲಿಲ್ಲ. ರೈತರಿಗೆ ಅವು ಹಿಡಿಸಲಿಲ್ಲ.

ಮೊದಲ ಕೆಲವು ಬೆಳೆಗಳಲ್ಲಿ ಇಳುವರಿ ನಿಜವಾಗಿಯೂ ಹೆಚ್ಚಿತು. ಇದನ್ನು ಮರೆಮಾಚಬಾರದು. ಆದರೆ ಒಬ್ಬನ ಗದ್ದೆಯಲ್ಲಿ ಕೊಯ್ಲು, ಪಕ್ಕದವನದರಲ್ಲಿ ನಾಟಿ, ಅವನಾಚೆ ಹೊಡೆ ಎಂಬ ಸ್ಥಿತಿ ಬಂದ ಮೇಲೆ ಕಂದು ಜಿಗಿಹುಳುವಿಗೆ ವರ್ಷವಿಡೀ ಹಬ್ಬವಾಯಿತು. ಈ ಹುಳುವಿನ ಒಂದು ತಲೆಮಾರು ತಿಂಗಳೊಳಗೆ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಭತ್ತದ ಪೈರು ಮಾತ್ರ. ಗದ್ದೆಬಯಲಿನಲ್ಲಿ ಕೆಲವು ವಾರ ಭತ್ತವೇ ಇಲ್ಲದಿದ್ದರೆ ಅದರ ಸಂತತಿ ಕಡಿದುಬೀಳುತ್ತದೆ. ಎಲ್ಲಿಯಾದರೂ ಹಸಿರಾಗಿ ಒಂದು ಮಡಿ ಉಳಿದರೆ ಅಲ್ಲಿ ಕುಳಿತು ಕಾಯುತ್ತದೆ. ಔಷಧಿ ಹೊಡೆದರು. ಔಷಧಿಗೆ ಮೊದಲು ಸತ್ತದ್ದು ಜಿಗಿಹುಳುವನ್ನು ತಿನ್ನುವ ಜೇಡಗಳು. ಹುಳು ಇನ್ನೂ ಹೆಚ್ಚಿತು. ಜಿಗಿಹುಳು ನಿರೋಧಕವೆಂದು ಐಆರ್ 36 ಎಂಬ ತಳಿ ಕೊಟ್ಟರು. ಅದಕ್ಕೆ ಟುಂಗ್ರೋ ನಂಜುರೋಗ ತಗುಲಿತು. ಟುಂಗ್ರೋ ತಡೆಯುವ ಇನ್ನೊಂದು ತಳಿ ಬಂತು. ಅದಕ್ಕೆ ಕಂದು ಚುಕ್ಕೆ ರೋಗ. ಒಂದು ತೂತು ಮುಚ್ಚಿದರೆ ಇನ್ನೊಂದು ಕಡೆ ಸೋರುವ ಮನೆಯಂತಾಯಿತು. ನೀರಿನ ಜಗಳಗಳೂ ಹೆಚ್ಚಿದವು. ಎಲ್ಲರೂ ಒಟ್ಟಿಗೆ ನೀರೆಳೆಯುವ ವಾರಗಳಲ್ಲಿ ಕೊನೆಯ ಭಾಗದ ಗದ್ದೆ ಒಣಗಿತು.

1980ರ ದಶಕದ ನಡುವಿನ ಹೊತ್ತಿಗೆ ಬಾಲಿಯ ರೈತರು ನಾಟಿಯ ದಿನ ಗೊತ್ತುಮಾಡುವ ಅಧಿಕಾರವನ್ನು ದೇವಸ್ಥಾನಗಳಿಗೇ ಹಿಂತಿರುಗಿಸಿ ಎಂದು ಒತ್ತಾಯಿಸತೊಡಗಿದರು. ಹಲವರು ಕೇಳುತ್ತ ಕೂರದೆ ಹಳೆಯ ಸರದಿಗೆ ಮರಳಿದರು. ಅವರ ಮಾತನ್ನು ಪರಿಣತರು ಮೊದಲು ಹಳೆಯದರ ಮೇಲಿನ ಮೋಹ ಎಂದೇ ಬಗೆದರು.

ಗಣಕಯಂತ್ರ ಹೇಳಿದ ಮಾತು

ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಬಾಲಿಯಲ್ಲಿ ಬಹುಕಾಲದಿಂದ ಈ ಗುಡಿಗಳನ್ನು ಅಧ್ಯಯನ ಮಾಡುತ್ತಿದ್ದರು. ಅವರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಅವರೊಡನೆ ಸೇರಿ ಎರಡು ನದಿಗಳ ಮೇಲಿನ 172 ಸುಬಕ್‌ಗಳನ್ನು ಗಣಕಯಂತ್ರದಲ್ಲಿ ಲೆಕ್ಕಕ್ಕೆ ಇಳಿಸಿದರು. ಮಳೆ, ನದಿಯ ನೀರು, ಪೈರಿಗೆ ಬೇಕಾದ ನೀರು, ಹುಳುಗಳು ಗದ್ದೆಯಿಂದ ಗದ್ದೆಗೆ ಹಬ್ಬುವ ರೀತಿ ಎಲ್ಲವನ್ನೂ ಸೇರಿಸಿದರು.

ಫಲಿತಾಂಶ ಹೀಗಿತ್ತು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನಾಟಿ ಮಾಡಿದರೆ ನೀರು ಸಾಕಾಗುತ್ತದೆ, ಆದರೆ ಹುಳು ಬೆಳೆಯನ್ನು ತಿನ್ನುತ್ತದೆ. ಇಡೀ ನದಿಯವರು ಒಂದೇ ದಿನ ನಾಟಿ ಮಾಡಿದರೆ ಹುಳು ಸಾಯುತ್ತದೆ, ಆದರೆ ನೀರು ಸಾಲದು. ಇಳುವರಿ ಅತಿ ಹೆಚ್ಚು ಬಂದದ್ದು ಇವೆರಡರ ನಡುವೆ, ಕೆಲವು ಸುಬಕ್‌ಗಳ ಗುಂಪು ಒಟ್ಟಿಗೆ, ಮುಂದಿನ ಗುಂಪು ಸ್ವಲ್ಪ ತಡೆದು ನಾಟಿ ಮಾಡಿದಾಗ. ಆ ಗುಂಪುಗಳ ಅಳತೆ ದೊಡ್ಡ ಗುಡಿಗಳ ವ್ಯಾಪ್ತಿಗೆ ಬಹುಮಟ್ಟಿಗೆ ಹೊಂದಿಕೊಂಡಿತು. ಇನ್ನೊಂದು ಪರೀಕ್ಷೆಯಲ್ಲಿ ಗುಡಿಗಳನ್ನು ಲೆಕ್ಕದಿಂದ ತೆಗೆದೇಬಿಟ್ಟರು. ಪ್ರತಿ ಸುಬಕ್ ವರ್ಷದ ಕೊನೆಗೆ ನೆರೆಯವರಲ್ಲಿ ಯಾರ ಇಳುವರಿ ಹೆಚ್ಚೋ ಅವರ ಪದ್ಧತಿಯನ್ನು ಅನುಸರಿಸಲಿ ಎಂದಷ್ಟೇ ಬಿಟ್ಟರು. ಕೆಲವೇ ವರ್ಷಗಳ ಲೆಕ್ಕ ಮುಗಿಯುವುದರೊಳಗೆ ಗುಂಪುಗಳು ತಾವಾಗಿಯೇ ಮೂಡಿದವು. ಅವು ಗುಡಿಗಳ ಜಾಲವನ್ನೇ ಹೋಲುತ್ತಿದ್ದವು. ಯಾವ ರಾಜನೂ ಯಾವ ಇಂಜಿನಿಯರೂ ಮೇಲೆ ಕುಳಿತು ಹಾಕಿದ ನಕ್ಷೆಯಲ್ಲ ಅದು.

ಈಗ ಆರಂಭದ ಪ್ರಶ್ನೆಗೆ ಬನ್ನಿ. ಮೇಲಿನ ರೈತ ಕೆಳಗಿನವನ ಮಾತನ್ನು ಏಕೆ ಕೇಳಬೇಕು? ನೀರು ಮೇಲಿನವನ ಕೈಯಲ್ಲಿದೆ, ಸರಿ. ಆದರೆ ಹುಳು ಮೇಲಿನವನು ಕೆಳಗಿನವನು ಎಂದು ನೋಡುವುದಿಲ್ಲ. ಕೆಳಗಿನವನಿಗೆ ಹೊತ್ತಿಗೆ ನೀರು ಸಿಗದೆ ಅವನು ತಡವಾಗಿ ನಾಟಿ ಮಾಡಿದರೆ, ಅವನ ಗದ್ದೆಯಲ್ಲಿ ಉಳಿದ ಹುಳು ಮುಂದಿನ ಬೆಳೆಗೆ ಮೇಲಕ್ಕೆ ಹಾರಿ ಬರುತ್ತದೆ. ಕೆಳಗಿನವನ ಕೈಯಲ್ಲಿರುವ ಆಯುಧ ಅದು. ಸ್ವಲ್ಪ ನೀರು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದಕ್ಕಿಂತ ಹುಳುವಿನಿಂದ ಕಳೆದುಕೊಳ್ಳುವುದು ಹೆಚ್ಚು ಎಂದು ಮೇಲಿನವನಿಗೆ ಗೊತ್ತು. ದೇವಿ ದನುವಿನ ಭಯ, ಭಕ್ತಿ ಎರಡೂ ಇವೆ. ಜೊತೆಗೆ ಈ ಲೆಕ್ಕವೂ ಇದೆ. ಯಾವುದು ಹೆಚ್ಚು ಎಂದು ಬಾಲಿಯ ರೈತನನ್ನು ಕೇಳಿದರೆ ಅವನು ಎರಡನ್ನೂ ಬೇರೆ ಮಾಡಿ ಹೇಳಲಾರ. ನಾವು ಮಾಡುವುದೂ ಬೇಡ.

1988ರಲ್ಲಿ ಯೋಜನೆಯನ್ನು ಪರಿಶೀಲಿಸಿದ ಅಭಿವೃದ್ಧಿ ಬ್ಯಾಂಕು ದೇವಸ್ಥಾನಗಳ ಪಾತ್ರವನ್ನು ಒಪ್ಪಿಕೊಂಡಿತು. ಅದಕ್ಕೂ ಮುಂಚೆಯೇ, 1986ರಲ್ಲಿ, ಇಂಡೋನೇಷ್ಯಾ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿ ಸಮಗ್ರ ಕೀಟ ಹತೋಟಿಯ ಕಡೆಗೆ ತಿರುಗಿತ್ತು. ರೈತರೇ ಗದ್ದೆಗಿಳಿದು ಜೇಡ, ಹುಳು ಎಣಿಸಿ ಕಲಿಯುವ ‘ರೈತ ಕ್ಷೇತ್ರ ಪಾಠಶಾಲೆ’ ನಮ್ಮಲ್ಲಿಯೂ ನಡೆದಿದೆಯಲ್ಲ, ಅದರ ಹುಟ್ಟು 1989ರ ಇಂಡೋನೇಷ್ಯಾದಲ್ಲಿಯೇ.

ಹಾಗೆಂದು ಬಾಲಿಯವರು ಹಳೆಯ ತಳಿಗೆ ಹಿಂತಿರುಗಿದರೆಂದು ತಿಳಿಯಬೇಡಿ. ಬಹುಪಾಲು ಗದ್ದೆಗಳಲ್ಲಿ ಇಂದಿಗೂ ಬೇಗ ಬರುವ ಹೊಸ ತಳಿಗಳೇ ಇವೆ. ಜತಿಲುವಿಯಂತಹ ಎತ್ತರದ ಊರುಗಳಲ್ಲಿ ಮಾತ್ರ ಉದ್ದ ಪೈರಿನ ಕೆಂಪಕ್ಕಿಯನ್ನು ವರ್ಷಕ್ಕೊಮ್ಮೆ ಬೆಳೆಯುತ್ತಾರೆ. ಅವರು ಉಳಿಸಿಕೊಂಡದ್ದು ಬೀಜವನ್ನಲ್ಲ, ಒಟ್ಟಿಗೆ ನಾಟಿ ಮಾಡುವ, ಒಟ್ಟಿಗೆ ಬೀಳು ಬಿಡುವ ಪದ್ಧತಿಯನ್ನು. ಗೊಬ್ಬರದ ವಿಷಯದಲ್ಲಿಯೂ ಒಂದು ಮಾತಿದೆ. ಬೆಂಕಿಬೆಟ್ಟದ ಕಲ್ಲುಗಳ ಮೇಲೆ ಹರಿದು ಬರುವ ನೀರಿನಲ್ಲಿಯೇ ರಂಜಕ, ಪೊಟ್ಯಾಷ್ ಇರುತ್ತವೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದನ್ನು ನೋಡದೆ ಮೇಲಿನಿಂದ ಹಾಕಿದ ರಸಗೊಬ್ಬರ ಗದ್ದೆಗೆ ದಕ್ಕದೆ ಸಮುದ್ರಕ್ಕೆ ಹರಿದು ಹವಳದ ದಿಬ್ಬಗಳಿಗೆ ಕೇಡು ತಂದಿತು.

ಈಗಿನ ಆತಂಕ

2012ರಲ್ಲಿ ಯುನೆಸ್ಕೋ ಸಂಸ್ಥೆ ಬಾಲಿಯ ಐದು ಗದ್ದೆಬಯಲುಗಳನ್ನೂ ಅವುಗಳ ನೀರಿನ ಗುಡಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು 19,500 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 48,000 ಎಕರೆ. ಪಟ್ಟಿಗೆ ಸೇರಿದ್ದರಿಂದ ನೋಡಲು ಬರುವವರು ಹೆಚ್ಚಿದರು. ನೋಡಲು ಬಂದವರಿಗೆ ತಂಗಲು ಹೋಟೆಲು, ಹೋಟೆಲಿಗೆ ಜಾಗ, ಜಾಗಕ್ಕೆ ಗದ್ದೆ. ದಕ್ಷಿಣ ಬಾಲಿಯಲ್ಲಿ ಗದ್ದೆಗಳು ಮನೆ, ಅಂಗಡಿ, ಈಜುಕೊಳಗಳಾಗುತ್ತಿವೆ. ಭೂಮಿಯ ಬೆಲೆಯ ಜೊತೆಗೆ ಅದರ ಮೇಲಿನ ತೆರಿಗೆಯೂ ಏರಿದೆ. ಭತ್ತ ಮಾರಿ ಆ ತೆರಿಗೆ ಕಟ್ಟುವುದು ಕಷ್ಟ. ಮಕ್ಕಳು ಹೋಟೆಲು ಕೆಲಸಕ್ಕೆ ಹೋಗುತ್ತಾರೆ. ಬಯಲಿನ ನಡುವೆ ಒಬ್ಬ ಗದ್ದೆ ಮಾರಿದರೆ ಅವನ ಪಾಲಿನ ಕಾಲುವೆ ಒಡೆದು ಕೆಳಗಿನವರಿಗೆ ನೀರು ತಲುಪುವುದಿಲ್ಲ. ಹೂಳೆತ್ತುವ ದಿನ ಒಂದು ಗುದ್ದಲಿಯೂ ಕಡಿಮೆಯಾಗುತ್ತದೆ.

ಕಂದು ಜಿಗಿಹುಳುವಿನ ವಿರುದ್ಧ ಗುಡಿಗಳು ಗೆದ್ದವು. ಈ ಹೊಸ ಕಾಟಕ್ಕೆ ಅವುಗಳ ಪಂಚಾಂಗದಲ್ಲಿ ಪರಿಹಾರ ಇನ್ನೂ ಕಂಡಿಲ್ಲ. ಬಾತುರ್ ಗುಡಿಯ ಜಾತ್ರೆಗೆ ಸುಬಕ್‌ಗಳು ಈಗಲೂ ತಮ್ಮ ಪಾಲಿನ ಕಾಣಿಕೆ ತರುತ್ತವೆ, ಹಿಂತಿರುಗುವಾಗ ಬಿದಿರಿನ ಕೊಳವೆಗಳಲ್ಲಿ ತೀರ್ಥ ತುಂಬಿಕೊಂಡು ಹೋಗಿ ತಮ್ಮ ಒಡ್ಡಿನಲ್ಲಿ ಸುರಿಯುತ್ತವೆ.